ಯಾದಿ ಬರೆಯುವ ದಿನವೇ ಹುಡುಗನ ವೀಸಾ ಕಾಗದ ಕೇಳಿ

ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಅಮೆರಿಕದ ಕಾನ್ಸುಲೇಟ್ ಇದೆ. ಹೋದ ವರ್ಷ ಒಂದು ಮುಂಜಾನೆ ಅದರ ಹೊರಗಿನ ರಸ್ತೆಯಲ್ಲಿ ನಾನು, ನಮ್ಮ ಕಾಕಾ ಇಬ್ಬರೂ ನಿಂತಿದ್ದೆವು. ಕಾಕಾನ ಮಗಳು ಒಳಗೆ ಹೋಗಿದ್ದಳು. ಒಳಗೆ ಫೋನ್ ಒಯ್ಯುವಂತಿಲ್ಲ. ಅವಳ ಫೋನ್ ನನ್ನ ಕೈಯಲ್ಲಿತ್ತು. ಹಾವೇರಿ ಕಡೆಯ ನಮ್ಮೂರಿನಿಂದ ಹತ್ತು ನಿಮಿಷಕ್ಕೊಮ್ಮೆ ವಾಟ್ಸ್‌ಆಪ್: "ಆತೇನ? ಏನ ಕೇಳಿದ್ರಂತ?"

ಹೊರಗೆ ಬಂದಳು. ವೀಸಾ ಒಪ್ಪಿದ್ದರು, ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರು. ಕಿಟಕಿಯ ಮುಂದೆ ಬಲಗೈ ಎತ್ತಿಸಿ ನಿಜ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರಂತೆ. ಆಮೇಲೆ ಕೆಲವೇ ನಿಮಿಷಗಳ ಮಾತು. ಮದುವೆ ಯಾವಾಗ ಆಯಿತು, ಹೇಗೆ ಪರಿಚಯ, ಗಂಡ ಏನು ಕೆಲಸ ಮಾಡುತ್ತಾನೆ, ಯಾವ ಊರು. ಕೊನೆಗೆ ಒಂದು ಪ್ರಶ್ನೆ: ನಿಮ್ಮ ಗಂಡನಿಗೆ ಇದಕ್ಕೆ ಮೊದಲು ಮದುವೆ ಆಗಿತ್ತೇ?

"ಹೌದು, ಆಗಿತ್ತು ಅಂದೆ" ಎಂದಳು. ಕಾಕಾ ಮುಖ ಆಚೆ ತಿರುಗಿಸಿದರು.

ಅದೇ ಪ್ರಶ್ನೆಯನ್ನು ಮೂರು ವಾರ ಮೊದಲು ಕೇಳಿದ್ದರೆ ಅವಳು "ಇಲ್ಲ" ಅನ್ನುತ್ತಿದ್ದಳು. ಯಾಕೆಂದರೆ ಅವಳಿಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು.

ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು, ಬರೆದಿಲ್ಲ.

ಗೊತ್ತಾದದ್ದು ಹೀಗೆ. ಹೆಂಡತಿಯನ್ನು ಅಮೆರಿಕಕ್ಕೆ ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಗಂಡ ಮೊದಲು ಅಲ್ಲಿನ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿ ಹಾಕಬೇಕು. ಅದು ಒಪ್ಪಿಗೆಯಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್ ಎಂಬ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಒಂದು ಕೇಸ್ ನಂಬರ್, ಒಂದು ಇನ್‌ವಾಯ್ಸ್ ನಂಬರ್ ಬರುತ್ತದೆ. ಇವೆರಡಿದ್ದರೆ ಆನ್‌ಲೈನ್‌ನಲ್ಲಿ ಕಡತ ತೆರೆಯಬಹುದು, ಡಿಎಸ್-260 ಅರ್ಜಿ ತುಂಬಬಹುದು, ಕಾಗದ ಹಾಕಬಹುದು. ಮುಂಬೈ ಕೇಸ್ ನಂಬರ್‌ಗಳು ಬಿಎಂಬಿ ಅಂತ ಶುರುವಾಗುತ್ತವೆ. ನಮ್ಮ ತಂಗಿಗೆ ಈ ನಂಬರ್ ಗೊತ್ತಿರಲಿಲ್ಲ, ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಮಾವನ ಮನೆಯವರು ಪಟ್ಟಣದ ಒಬ್ಬ ಏಜೆಂಟನಿಗೆ ಎಲ್ಲ ಒಪ್ಪಿಸಿದ್ದರು. ಅವನು ತನ್ನ ಇಮೇಲ್ ಕೊಟ್ಟಿದ್ದ. ಇವಳ ಕಡತದ ಬಗ್ಗೆ ಬರುವ ಎಲ್ಲ ಪತ್ರ ಅವನಿಗೆ ಹೋಗುತ್ತಿದ್ದವು. ಫೋನ್ ಮಾಡಿದರೆ "ನಡದೈತ್ರಿ, ನೀವ್ಯಾಕ ತಲಿ ಕೆಡಿಸ್ಕೋತೀರಿ" ಅಷ್ಟೇ.

ಸಂದರ್ಶನದ ತಾರೀಕು ಬಂದ ಮೇಲೆ, ನಾನೇ ಹಟ ಹಿಡಿದು ಗಂಡನಿಂದ ಆ ಎರಡು ನಂಬರ್ ತರಿಸಿದೆ. ಇಬ್ಬರೂ ಅಟ್ಟದ ಮೇಲೆ ಕೂತು (ನೆಟ್‌ವರ್ಕ್ ಅಲ್ಲೇ ಸಿಗೋದು) ಒಂದೊಂದೇ ಕಾಗದ ತೆರೆದೆವು. ಮದುವೆ ನೋಂದಣಿ ಪತ್ರ. ಪೊಲೀಸ್ ಕ್ಲಿಯರೆನ್ಸ್. ಗಂಡನ ತೆರಿಗೆ ಕಾಗದ. ಅದರ ಕೆಳಗೆ ಅಮೆರಿಕದ ಒಂದು ಕೋರ್ಟಿನ ವಿಚ್ಛೇದನ ಆದೇಶ.

ಆ ರಾತ್ರಿ ಅವಳು ಗಂಡನಿಗೆ ಫೋನ್ ಮಾಡಿದಳು. ಆತ ಹೇಳಿದ್ದು: "ನಮ್ಮ ಮನೆಯವರು ನಿಮ್ಮ ಮನೇಲಿ ಹೇಳಿದಾರೆ ಅಂದ್ಕೊಂಡಿದ್ದೆ." ಆತ ಸುಳ್ಳು ಹೇಳಿದ ಅಂತ ನನಗೆ ಅನಿಸಲಿಲ್ಲ, ಅವಳಿಗೂ ಅನಿಸಲಿಲ್ಲ. ಅಂದರೆ ಮುಚ್ಚಿಟ್ಟವರು ಹಿರಿಯರು. ಎರಡು ದಿನ ಅತ್ತಳು, ಮೂರನೇ ದಿನ ಹೋಗುತ್ತೇನೆ ಅಂದಳು. ಈಗ ಅಲ್ಲಿ ಚೆನ್ನಾಗಿಯೇ ಇದ್ದಾಳೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲು ನನಗೆ ಧೈರ್ಯವಿಲ್ಲ.

ನನ್ನ ಸಿಟ್ಟು ಇಲ್ಲೇ ಇರುವುದು. ಎಷ್ಟೋ ದೂರದ ಒಂದು ಸರ್ಕಾರ ನಮ್ಮ ಹುಡುಗಿಗೆ ವೀಸಾ ಕೊಡುವ ಮೊದಲು ಹುಡುಗನ ಬಗ್ಗೆ ಕೇಳುವ ಪ್ರಶ್ನೆಗಳನ್ನು, ಹುಡುಗಿಯನ್ನು ಕೊಡುವ ನಾವು ಕೇಳುವುದಿಲ್ಲ. ಬೆಡಗು ಕೇಳುತ್ತೇವೆ, ಜಾತಕ ನೋಡುತ್ತೇವೆ, ಊರಲ್ಲಿ ಎಷ್ಟು ಎಕರೆ ನೀರಾವರಿ ಇದೆ ಅಂತ ವಿಚಾರಿಸುತ್ತೇವೆ. ಹಿರಿಯರು ಕೂಡಿ ಯಾದಿ ಬರೆಯುವಾಗ ಬಂಗಾರ ಎಷ್ಟು ತೊಲ, ಬಟ್ಟೆ ಯಾರದು, ಊಟದ ಖರ್ಚು ಯಾರದು, ಎಲ್ಲ ಕಾಗದದ ಮೇಲೆ ಬರುತ್ತದೆ. ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು 1961ರಿಂದಲೇ ಅಪರಾಧ. ಅದನ್ನು ಬರೆಯುವಾಗ ಯಾರಿಗೂ ಸಂಕೋಚವಿಲ್ಲ. ಹುಡುಗನ ತೆರಿಗೆ ಕಾಗದ ತೋರಿಸಿ ಅನ್ನಲು ಮಾತ್ರ ನಾಚಿಕೆ.

"ಹುಡುಗ ಅಮೆರಿಕಾದಾಗ ಅದಾನ" ಅಂದರೆ ಮಾತು ಮುಗಿಯಿತು ನಮ್ಮಲ್ಲಿ. ಯಾವ ಕಾಗದದ ಮೇಲೆ ಇದ್ದಾನೆ ಅಂತ ಯಾರೂ ಕೇಳುವುದಿಲ್ಲ. ಅದರ ಮೇಲೆಯೇ ಹುಡುಗಿಯ ಮುಂದಿನ ನಾಲ್ಕೈದು ವರ್ಷ ನಿಂತಿರುತ್ತದೆ. ಹುಡುಗ ಅಲ್ಲಿನ ಪೌರನಾಗಿದ್ದರೆ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ, ಆದರೂ ಕಡತ ಮುಗಿಯಲು ವರ್ಷ ದಾಟುವುದು ಸಾಮಾನ್ಯ. ಬರೀ ಗ್ರೀನ್ ಕಾರ್ಡ್ ಇದ್ದರೆ ಎಫ್2ಎ ಎಂಬ ಸಾಲಿನಲ್ಲಿ ಪಾಳಿ ಕಾಯಬೇಕು, ಆ ಸಾಲು ಎಲ್ಲಿಗೆ ಬಂತು ಅಂತ ತಿಂಗಳಿಗೊಮ್ಮೆ ವೀಸಾ ಬುಲೆಟಿನ್‌ನಲ್ಲಿ ನೋಡುತ್ತಾ ಇರಬೇಕು. ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ ಹೆಂಡತಿಗೆ ಸಿಗುವುದು ವಲಸೆ ವೀಸಾ ಅಲ್ಲವೇ ಅಲ್ಲ, ಎಚ್-4 ಎಂಬ ಅವಲಂಬಿತರ ವೀಸಾ. ಬೇಗ ಸಿಗಬಹುದು, ಆದರೆ ಹೋದ ತಕ್ಷಣ ಕೆಲಸ ಮಾಡುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಎಚ್-4ನವರು ಕೆಲಸದ ಪರವಾನಗಿ ಕೇಳಬಹುದು, ಆ ಅವಕಾಶ ಬಂದದ್ದೂ 2015ರಲ್ಲಿ. ನರ್ಸಿಂಗ್, ಬಿಎಡ್ ಓದಿ ಕೆಲಸ ಬಿಟ್ಟು ಹೋಗುವ ನಮ್ಮ ಹುಡುಗಿಯರಿಗೆ ಈ ವ್ಯತ್ಯಾಸ ವಿಮಾನ ಹತ್ತುವ ಮೊದಲು ಗೊತ್ತಿರಬೇಡವೇ?

ಸಂಬಳದ ವಿಷಯಕ್ಕೂ ಹಾಗೇ. ಹೆಂಡತಿಯನ್ನು ಕರೆಸಿಕೊಳ್ಳುವವನು ಐ-864 ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಬಡತನದ ರೇಖೆಗೆ ಅಲ್ಲಿ ಸರ್ಕಾರ ನಿಗದಿ ಮಾಡಿದ ಮೊತ್ತದ ಶೇಕಡಾ 125ರಷ್ಟು ಆದಾಯವಾದರೂ ತನಗಿದೆ ಅಂತ ತೆರಿಗೆ ಕಾಗದ ಇಟ್ಟು ತೋರಿಸಬೇಕು. ಇಲ್ಲದಿದ್ದರೆ ಇನ್ನೊಬ್ಬ ಜಾಮೀನುದಾರ ಬೇಕು. "ದೊಡ್ಡ ಕಂಪನಿ, ತಿಂಗಳಿಗೆ ಇಷ್ಟು ಲಕ್ಷ" ಅಂತ ಮದುವೆ ದಲ್ಲಾಳಿ ಹೇಳಿದ್ದು ನಿಜವೋ ಸುಳ್ಳೋ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಮದುವೆಯ ನಂತರ ಹೇಗೂ ಕೊಡಲೇಬೇಕಾದ್ದು. ಮೊದಲೇ ಕೊಟ್ಟರೆ ಏನು ಕಳೆದುಕೊಳ್ಳುತ್ತಾನೆ?

"ಹಿಂಗೆಲ್ಲಾ ಕೇಳಿದ್ರ ಸಂಬಂಧ ಮುರದ ಹೊಕ್ಕೈತಿ" ಅಂತ ನಮ್ಮ ಚಿಗವ್ವ ಅಂದಳು. ಆ ಭಯ ಸುಳ್ಳಲ್ಲ. ಹೆಣ್ಣಿನ ಕಡೆಯವರು ಪ್ರಶ್ನೆ ಕೇಳಿದರೆ ಅದೇ ಒಂದು ಅಪರಾಧ ಎನ್ನುವ ಮನೆಗಳಿವೆ. ಆದರೆ ಕೇಳಿದ್ದಕ್ಕೆ ಮುರಿಯುವ ಸಂಬಂಧ ಮದುವೆಯ ನಂತರ ಗಟ್ಟಿಯಾಗುತ್ತದೆ ಅಂತ ಯಾವ ನಂಬಿಕೆಯ ಮೇಲೆ ಮಗಳನ್ನು ಕಳಿಸುತ್ತೀರಿ? ಹೊರದೇಶದ ಗಂಡಂದಿರು ಕೈಬಿಟ್ಟ ಹೆಂಡತಿಯರ ದೂರು ನೋಡಲೆಂದೇ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಒಂದು ಪ್ರತ್ಯೇಕ ಘಟಕ ಇದೆ. ಇಂಥ ಮದುವೆಗಳ ನೋಂದಣಿ ಕಡ್ಡಾಯ ಮಾಡುವ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂತು. ಕಾನೂನು ಆಯೋಗ 2024ರಲ್ಲಿ ಮತ್ತೆ ಅದನ್ನೇ ಶಿಫಾರಸು ಮಾಡಿತು. ತೊಂದರೆ ಇಲ್ಲದಿದ್ದರೆ ದಿಲ್ಲಿಯವರು ಇಷ್ಟು ದಿನ ಇದರ ಬಗ್ಗೆ ಮಾತಾಡುತ್ತಿರಲಿಲ್ಲ.

ಕಾನ್ಸುಲೇಟ್ ನಮ್ಮ ಹುಡುಗಿಯ ಕಾವಲಿಗೆ ಕೂತಿಲ್ಲ ಎನ್ನುವುದೂ ನೆನಪಿರಲಿ. ಅವರು ನೋಡುವುದು ಮದುವೆ ನಿಜವೋ ನಾಟಕವೋ ಅಂತ. ಹುಡುಗ ಒಳ್ಳೆಯವನೋ ಅಲ್ಲವೋ ಅವರಿಗೆ ಬೇಕಿಲ್ಲ. ಅವಳಿಗೆ ಗೊತ್ತಿಲ್ಲದೆ "ಇಲ್ಲ" ಅಂದಿದ್ದರೆ ಆ ಕಿಟಕಿಯ ಹಿಂದಿನವರಿಗೆ ಮೊದಲು ಹುಟ್ಟುತ್ತಿದ್ದದ್ದು ಅನುಮಾನ. ಅದೂ ಅವಳ ಮೇಲೆ, ಮುಚ್ಚಿಟ್ಟ ಹಿರಿಯರ ಮೇಲಲ್ಲ.

ಇನ್ನು ನಮ್ಮ ಕಡೆಯ ಕಾಗದಗಳ ಕಥೆ. ಇದರಲ್ಲಿ ಬೇರೆಯವರನ್ನು ಬೈಯುವಂತಿಲ್ಲ. ತಂಗಿ ಹುಟ್ಟಿದ್ದು ಮನೆಯಲ್ಲಿ, ಕಾರಹುಣ್ಣಿಮೆಯ ಮರುದಿನ. ಜನನ ಬರೆಸಿರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ 1 ಅಂತ ಹಾಕಿದರು. ನಮ್ಮ ಕ್ಲಾಸಿನಲ್ಲಿ ಅರ್ಧ ಮಂದಿ ಜೂನ್ 1ರಂದೇ ಹುಟ್ಟಿದವರು, ನಿಮ್ಮೂರಲ್ಲೂ ಹಾಗೇ ಇರಬೇಕು. ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಟ್ಟು ಕಾರ್ಡಿನಲ್ಲೂ ಅದನ್ನೇ ಅಚ್ಚು ಹಾಕಿಸಿದ್ದರು. ಹೀಗೆ ಶಾಲೆಯ ಟಿಸಿಯಲ್ಲಿ ಒಂದು ಹೆಸರು, ಲಗ್ನಪತ್ರಿಕೆಯಲ್ಲಿ ಇನ್ನೊಂದು. ಹೆಸರು ಬದಲಿಸುವ ಶಾಸ್ತ್ರ ಬೇಕಿದ್ದರೆ ಅಕ್ಕಿಯ ಮೇಲೆ ಬರೆಸಿ, ಕಾಗದದ ಮೇಲೆ ಬೇಡ. ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರಿನಲ್ಲೇ ಮದುವೆ ನೋಂದಣಿ ಮಾಡಿಸಿ, ಉಪನೋಂದಣಿ ಕಚೇರಿಗೆ ಹೋಗುವ ಮೊದಲು ಒಂದೊಂದು ಅಕ್ಷರ ತಾಳೆ ನೋಡಿ.

ಜನನ ಪ್ರಮಾಣಪತ್ರ ಇಲ್ಲದವರು ಹೆದರಬೇಕಿಲ್ಲ, ತಡ ಮಾಡಬಾರದು ಅಷ್ಟೇ. ವರ್ಷ ದಾಟಿದ ಜನನವನ್ನು ಬರೆಸಲು ಮೊದಲು ಕೋರ್ಟಿಗೆ ಹೋಗಬೇಕಿತ್ತು. 2023ರ ಕಾನೂನು ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಹಂತಕ್ಕೆ ಬಂದಿದೆ. ದಾಖಲೆ ಸಿಗುವುದೇ ಇಲ್ಲ ಅಂದರೆ ಲಭ್ಯವಿಲ್ಲ ಎಂಬ ಪತ್ರ ತೆಗೆಸಿ, ಜೊತೆಗೆ ಶಾಲೆಯ ದಾಖಲೆಯಂಥ ಬೇರೆ ಪುರಾವೆ ಇಡಬೇಕು. ಬರೀ ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ಸಹಿಯೊಂದಿಗೆ. ಪೊಲೀಸ್ ಕ್ಲಿಯರೆನ್ಸ್‌ಗೆ ನಾವು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿದ್ದೆವು. ವೈದ್ಯಕೀಯ ತಪಾಸಣೆ, ಚುಚ್ಚುಮದ್ದು ಕಾನ್ಸುಲೇಟ್ ಒಪ್ಪಿದ ವೈದ್ಯರ ಹತ್ತಿರವೇ ಆಗಬೇಕು, ನಿಮ್ಮೂರ ಡಾಕ್ಟರ ಚೀಟಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಇನ್ನು ಮುಂಬೈ ತಪ್ಪಿತು ಅಂತ ಕಾಕಾ ಖುಷಿಪಟ್ಟಿದ್ದರು. ವೀಸಾ ಕೆಲಸ ಅದರ ಜೊತೆ ಶುರುವಾಗಲಿಲ್ಲ.

ಏಜೆಂಟರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2024ರ ಏಪ್ರಿಲ್‌ನಿಂದ ಇರುವ ದರದಂತೆ ಐ-130ಕ್ಕೆ 675 ಡಾಲರ್, ಆನ್‌ಲೈನ್ ಹಾಕಿದರೆ 625. ನ್ಯಾಷನಲ್ ವೀಸಾ ಸೆಂಟರ್‌ಗೆ 120 ಮತ್ತು 325. ವೀಸಾ ಬಂದ ಮೇಲೆ ಗ್ರೀನ್ ಕಾರ್ಡಿಗೆ 235. ದರ ಬದಲಾಗುತ್ತಿರುತ್ತದೆ, ಕಟ್ಟುವ ದಿನ ಅಮೆರಿಕ ಸರ್ಕಾರದ ಜಾಲತಾಣದಲ್ಲೇ ನೋಡಿ. ಗಮನಿಸಬೇಕಾದ್ದು ಏನೆಂದರೆ, ಆ 120, 325 ಡಾಲರ್ ಆನ್‌ಲೈನ್ ಕಟ್ಟಲು ಅಮೆರಿಕದ ಬ್ಯಾಂಕ್ ಖಾತೆಯೇ ಬೇಕು. ಅದನ್ನು ಗಂಡ ಅಲ್ಲಿಂದ ಕಟ್ಟುತ್ತಾನೆ. ಹಾಗಿದ್ದ ಮೇಲೆ "ವೀಸಾ ಫೀ" ಅಂತ ನಮ್ಮ ಏಜೆಂಟ ಕಾಕಾನಿಂದ ಎರಡು ಸಲ ನಗದು ತೆಗೆದುಕೊಂಡದ್ದು ಯಾವುದಕ್ಕೆ? ಇವತ್ತಿನವರೆಗೂ ರಸೀದಿ ಕೊಟ್ಟಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ಒಂದು ವರ್ಷ ಆ ಕಡತಕ್ಕೆ ಯಾರೂ ಸ್ಪಂದಿಸದಿದ್ದರೆ ಅದನ್ನು ಮುಚ್ಚುವ ಪ್ರಕ್ರಿಯೆ ಶುರುವಾಗಬಹುದು. ಪತ್ರವೆಲ್ಲ ಬೇರೆಯವನ ಇಮೇಲಿಗೆ ಹೋಗುತ್ತಿದ್ದರೆ ನಮಗೆ ಗೊತ್ತಾಗುವುದು ಹೇಗೆ? ಫಾರ್ಮ್ ತುಂಬಲು ಯಾರ ಸಹಾಯ ಬೇಕಾದರೂ ತೆಗೆದುಕೊಳ್ಳಿ. ಇಮೇಲ್, ಕೇಸ್ ನಂಬರ್, ಎಲ್ಲದರ ಪ್ರತಿ ಹುಡುಗಿಯ ಫೋನಿನಲ್ಲೇ ಇರಲಿ.

ಅಲ್ಲಿಗೆ ಹೋದ ಮೇಲೂ ಕಡತ ಮುಗಿಯುವುದಿಲ್ಲ. ಅಲ್ಲಿ ಇಳಿಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಕೂಡಿ ಐ-751 ಅರ್ಜಿ ಹಾಕಬೇಕು. ಈ "ಕೂಡಿ" ಅನ್ನುವುದನ್ನೇ ಹಿಡಿದು "ನಾನು ಸಹಿ ಹಾಕಲಿಲ್ಲ ಅಂದ್ರೆ ನೀನು ವಾಪಸ್" ಅಂತ ಹೆದರಿಸುವ ಗಂಡಸರಿದ್ದಾರೆ. ಅದು ಪೂರ್ತಿ ನಿಜವಲ್ಲ. ಹೊಡೆತ, ಕ್ರೌರ್ಯ ಅನುಭವಿಸಿದವಳು, ನಿಜವಾಗಿ ಮದುವೆಯಾಗಿ ವಿಚ್ಛೇದನವಾದವಳು ಒಬ್ಬಳೇ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲಿ ದಾರಿ ಇದೆ. ಹಾಗೆ ಹಾಕಲು ಮದುವೆಯ ಕಾಗದ, ಕೂಡಿ ಬಾಳಿದ ಪುರಾವೆ ಅವಳ ಹತ್ತಿರ ಇರಬೇಕು. ಮತ್ತೆ ಅದೇ ಮಾತಿಗೆ ಬಂದೆ, ಪ್ರತಿ ಅವಳ ಫೋನಿನಲ್ಲಿರಲಿ.

ಕಾಯುವ ಆ ಒಂದೂವರೆ ವರ್ಷದ ಬಗ್ಗೆ ಬರೆಯಲು ಹೋದರೆ ಇನ್ನೊಂದು ಲೇಖನ ಆಗುತ್ತದೆ. ಹಿಟ್ಟಿನ ಗಿರಣಿಗೆ ಹೋದರೆ "ಇನ್ನೂ ಇಲ್ಲೇ ಅದೀಯೇನ?", ಜಾತ್ರೆಗೆ ಹೋದರೆ "ಯಾವಾಗ ಹೊಂಟಿ?" ಕೊನೆಕೊನೆಗೆ ಅವಳು ಹೊರಗೆ ಬರುವುದನ್ನೇ ಬಿಟ್ಟಿದ್ದಳು. ನಿಮ್ಮ ಓಣಿಯಲ್ಲಿ ಅಂಥವಳಿದ್ದರೆ ದಯವಿಟ್ಟು ಆ ಪ್ರಶ್ನೆ ಕೇಳಬೇಡಿ.

ಹೋದ ತಿಂಗಳು ಕಾಕಾನ ಎರಡನೇ ಮಗಳಿಗೂ ಅಮೆರಿಕದ ಸಂಬಂಧ ಬಂತು. ಈ ಸಲ ಕಾಕಾ ಯಾರನ್ನೂ ಕೇಳದೆ ತಾವೇ ಫೋನ್ ಮಾಡಿದರು. "ತಪ್ಪ ತಿಳ್ಕೋಬ್ಯಾಡ್ರಿ, ಹುಡುಗ ಯಾವ ವೀಸಾದಾಗ ಅದಾನ, ಮೊದಲ ಮದುವಿ ಆಗಿತ್ತೇನ, ತೆರಿಗಿ ಕಾಗದ ಒಂದ ಕಳಿಸ್ರಿ" ಅಂದರು. ಎರಡು ದಿನ ಆ ಕಡೆಯಿಂದ ಫೋನ್ ಬರಲಿಲ್ಲ. ಚಿಗವ್ವ ಮಾತು ಬಿಟ್ಟಿದ್ದಳು. ಮೂರನೇ ದಿನ ರಾತ್ರಿ ಹುಡುಗನೇ ಮಾಡಿದ. ಎಚ್-1ಬಿ, ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಹಾಕಿಲ್ಲ, ನಿಮ್ಮ ಮಗಳು ಬಂದ ಕೂಡಲೇ ಕೆಲಸ ಮಾಡಲು ಆಗಲ್ಲ, ಅದನ್ನು ಅವಳಿಗೇ ಹೇಳಬೇಕು, ಫೋನ್ ಕೊಡಿ ಅಂದನಂತೆ. ಇಬ್ಬರೂ ಮುಕ್ಕಾಲು ತಾಸು ಮಾತಾಡಿದ್ದಾರೆ. ಏನು ತೀರ್ಮಾನ ಮಾಡಿದಳೋ ಇನ್ನೂ ನನಗೆ ಹೇಳಿಲ್ಲ.