ಸತ್ತವನ ಅರ್ಜಿ

ಕಿರವತ್ತಿಯ ಮಾಜಿ ಸೈನಿಕನೊಬ್ಬ ಅಂಗವೈಕಲ್ಯ ಪಿಂಚಣಿಗಾಗಿ ಕೋರ್ಟು ಹತ್ತಬೇಕೆಂದರೆ ಅದು ಯಲ್ಲಾಪುರದಲ್ಲಿ ಆಗುವ ಕೆಲಸವಲ್ಲ. 2007ರ ಕಾಯ್ದೆಯಡಿ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೇ ಹೋಗಬೇಕು. ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. ಇಂಥ ಅರ್ಜಿ ಹಾಕುವವರೆಂದರೆ ಕಾಯಿಲೆಯವರು, ಎಷ್ಟೋ ಜನ ಮುದುಕರು. ತೀರ್ಪಿಗೆ ಮೊದಲೇ ಅವರು ತೀರಿಕೊಂಡರೆ ಅರ್ಜಿಯೂ ಜೊತೆಗೇ ಸಾಯಬೇಕೇ?

ಸಾಯಬೇಕು ಎನ್ನುವವರ ವಾದ ಇಷ್ಟು: ಈ ಪಿಂಚಣಿ ಊನಗೊಂಡ ದೇಹಕ್ಕೆ ಕೊಡುವಂಥದ್ದು, ದೇಹವೇ ಇಲ್ಲವಾದ ಮೇಲೆ ಯಾರಿಗೆ ಕೊಡುವುದು? ಸತ್ತ ದಿನದಿಂದ ಮುಂದಕ್ಕೆ ಈ ಮಾತು ಸರಿ. ಹಿಂದಿನದ್ದು? ಕೂಲಿ ಬಾಕಿ ಇಟ್ಟುಕೊಂಡ ಸಾಹುಕಾರ, ಆಳು ಸತ್ತ, ಲೆಕ್ಕ ಚುಕ್ತಾ ಆಯಿತು ಎಂದರೆ ಊರು ಸುಮ್ಮನಿರುತ್ತದೆಯೇ? ತಡಮಾಡಿದಷ್ಟೂ ಸಾಲಗಾರನಿಗೇ ಲಾಭವಾಗುವ ನ್ಯಾಯ ಅದು. ಇಲ್ಲಿ ಸಾಲಗಾರ ಸರ್ಕಾರ. ಬೊಕ್ಕಸ ಬರಿದಾಗುವ ಮೊತ್ತವೂ ಅಲ್ಲ: ತಡವಾಗಿ ಬಂದವರ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಲಾರಿ ಬಡಿದು ಗಾಯಗೊಂಡವರಿಗೂ ಹಿಂದೆ ಇದೇ ಪಾಡಿತ್ತು. ಗಾಯಾಳು ಬೇರೆ ಕಾರಣದಿಂದ ಸತ್ತರೆ ಗಾಯದ ಪರಿಹಾರದ ಅರ್ಜಿ ಉಳಿಯದು ಎಂದು 1990ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಕಣ್ಣಮ್ಮ ಪ್ರಕರಣದಲ್ಲಿ ಹೇಳಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಅದನ್ನು ತಿರುಗಿಸಿತು. ಸಾವಿಗೂ ಗಾಯಕ್ಕೂ ಸಂಬಂಧವಿರಲಿ ಬಿಡಲಿ, ಹಕ್ಕು ವಾರಸುದಾರರಿಗೆ ಸಲ್ಲುತ್ತದೆ. ಅಮೆರಿಕದಲ್ಲೂ ಮಾಜಿ ಸೈನಿಕ ಸತ್ತರೆ ಅವನ ಮೇಲ್ಮನವಿ ಅಲ್ಲಿಗೇ ಮುಗಿಯುತ್ತಿತ್ತು. 2008ರ ಅಕ್ಟೋಬರಿನಿಂದೀಚೆಗೆ ಅರ್ಹ ಕುಟುಂಬದವರು ವರ್ಷದೊಳಗೆ ಕೇಳಿಕೊಂಡರೆ ಅವನ ಜಾಗದಲ್ಲಿ ನಿಂತು ಮುಂದುವರಿಸಬಹುದು.

ನಿಜವಾದ ತೊಡಕು ಸಾಕ್ಷ್ಯದ್ದು. ವೈದ್ಯಕೀಯ ಮಂಡಳಿ ಇನ್ನೊಮ್ಮೆ ಪರೀಕ್ಷಿಸಲಿ ಎನ್ನಲು ಮನುಷ್ಯನೇ ಇಲ್ಲ. ಆದರೆ ಸೇನೆ ಅವನನ್ನು ಮನೆಗೆ ಕಳಿಸುವಾಗ ಬರೆದ ವೈದ್ಯಕೀಯ ವರದಿ ಸಾಮಾನ್ಯವಾಗಿ ಇರುತ್ತದೆ. ಭರ್ತಿಯ ವೇಳೆ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದ್ದು ಎಂದು 2013ರ ಧರ್ಮವೀರ್ ಸಿಂಗ್ ತೀರ್ಪು ಹೇಳುತ್ತದೆ. ಜಗಳ ಆ ಕಾಗದಗಳ ಮೇಲೆಯೇ ನಡೆಯುವುದರಿಂದ ಹೆಚ್ಚಿನ ಪ್ರಕರಣಗಳಲ್ಲಿ ಅರ್ಜಿದಾರ ಎದುರಿಗಿರಬೇಕೆಂದೇನೂ ಇಲ್ಲ.

ಕಾನೂನಿನ ಬಾಗಿಲು ತೆರೆದಿದ್ದರೂ ಹೆಂಡತಿ ಅದನ್ನು ದಾಟಬೇಕಲ್ಲ. ಸಿವಿಲ್ ದಾವೆಗಳಲ್ಲಿ ವಾರಸುದಾರರ ಹೆಸರು ಸೇರಿಸಲು 90 ದಿನದ ಗಡುವು. ಕೊಚ್ಚಿಯಲ್ಲಿ ಕೇಸಿದೆ ಎಂಬುದೇ ಎಷ್ಟೋ ಮನೆಗಳಲ್ಲಿ ಗಂಡಸಿಗೆ ಮಾತ್ರ ಗೊತ್ತಿರುತ್ತದೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಬೇರೆ. ಸೇನೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ತವರಿನದ್ದು. ಇಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಬೇಕು. ಅದರ ಮೇಲೆ ನಾಡಕಚೇರಿಯ ವಂಶವೃಕ್ಷ.

ಇದರಲ್ಲೊಂದು ತಮಾಷೆಯಿದೆ. ಆತ ಸೇವಾ ಪಿಂಚಣಿ ಪಡೆಯುತ್ತಿದ್ದರೆ ಸಾವಿನ ಸುದ್ದಿ ಮುಟ್ಟಿದ ಕೂಡಲೇ ರಕ್ಷಣಾ ಇಲಾಖೆ ಅದನ್ನು ನಿಲ್ಲಿಸಿ, ಅದೇ ಹೆಂಡತಿಗೆ ಕುಟುಂಬ ಪಿಂಚಣಿ ಶುರುಮಾಡುತ್ತದೆ. ಅಲ್ಲಿ ಅವಳು ಯಾರೆಂಬುದು ಇಲಾಖೆಗೆ ಗೊತ್ತು. ನ್ಯಾಯಮಂಡಳಿಯೆದುರು ಎದುರುಪಕ್ಷವಾಗಿ ನಿಂತಿರುವುದೂ ಅದೇ ಇಲಾಖೆ. ಹಾಗಿದ್ದಮೇಲೆ ಸಾವಿನ ಸುದ್ದಿಯನ್ನೂ ಅವಳ ಹೆಸರನ್ನೂ ಇಲಾಖೆಯೇ ನ್ಯಾಯಮಂಡಳಿಗೆ ತಿಳಿಸಲಿ, ಅರ್ಜಿ ಅವಳ ಹೆಸರಿನಲ್ಲಿ ತಾನಾಗಿ ಮುಂದುವರಿಯಲಿ. ಬೇಡವೆಂದರೆ ಅವಳೇ ಬರೆದುಕೊಡಲಿ. ಹೆಂಡತಿಯಿಲ್ಲದೆ ಅಣ್ಣತಮ್ಮಂದಿರೋ ದೊಡ್ಡ ಮಕ್ಕಳೋ ಬಾಕಿ ಕೇಳಿಬಂದರೆ ಮಾತ್ರ ವಾರಸಾ ಪತ್ರ ಕೇಳುವುದರಲ್ಲಿ ಅರ್ಥವಿದೆ.