ಸಾಲಿಗ್ರಾಮದಿಂದ ಸಾಲಿಗ್ರಾಮಕ್ಕೆ: ಒಂದು ವಾರ, ಹಿಮನದಿ ಇಲ್ಲದೆ

(1/6)
ಕಡಲು, ಬೆಟ್ಟ, ಹಿಮನದಿ, ಮೂರೂ ಏಳೇ ದಿನದಲ್ಲಿ! ಈ ರೀಲ್ ನಿಮ್ಮ ಫೀಡಿಗೂ ಬಂದಿರುತ್ತೆ. ಒಂದೋ ಐಸ್‌ಲ್ಯಾಂಡಿನ ರಿಂಗ್ ರೋಡು, ಇಲ್ಲಾಂದ್ರೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪ. ನಮ್ಮ ಕಡೆ ಹುಡುಗರು ಅದನ್ನ ಸೇವ್ ಮಾಡ್ಕೊಳ್ತಾರೆ, ಆಮೇಲೆ ಜುಲೈ ತಿಂಗಳಲ್ಲಿ ಮೂರು ದಿನ ರಜೆ ಸಿಕ್ಕಿದ ಕೂಡಲೇ ಕಾರು ತಗೊಂಡು ಮಡಿಕೇರಿ ಹತ್ತುತ್ತಾರೆ. ಮಂಜು, ಮಳೆ, ಗುಡ್ಡದ ಅಂಚಲ್ಲೊಂದು ಈಜುಕೊಳ, ಸ್ಲೋ ಮೋಷನ್.

ದುಡ್ಡಿದ್ದೋರು ಐಸ್‌ಲ್ಯಾಂಡಿಗೆ ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಜುಲೈ ಬಗ್ಗೆ, ಆ ಈಜುಕೊಳದ ಬಗ್ಗೆ. ನಮ್ಮ ಸಾಲಿಗ್ರಾಮ, ಕೆ.ಆರ್. ನಗರದೋರಿಗೆ ಒಂದು ವಾರ ಸಿಕ್ಕರೆ ಮೊದಲು ನೋಡಬೇಕಾದ್ದು ನಮ್ಮ ಗದ್ದೆ ನೀರು ಎಲ್ಲಿಂದ ಬರುತ್ತೆ ಅನ್ನೋದನ್ನ. ಈ ಆರು ಪೋಸ್ಟಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ.

(2/6)
ಕರ್ನಾಟಕದಲ್ಲಿ ಸಾಲಿಗ್ರಾಮ ಅಂತ ಎರಡು ಊರು ಪ್ರಸಿದ್ಧ. ಒಂದು ನಮ್ಮದು, ಇನ್ನೊಂದು ಉಡುಪಿ ಜಿಲ್ಲೆಯಲ್ಲಿ ಕೋಟದ ಪಕ್ಕ. ಮ್ಯಾಪಲ್ಲಿ ಹುಡುಕಿದ್ರೆ ಫೋನಿಗೇ ಗೊಂದಲ. ನಮ್ಮಲ್ಲಿ ಯೋಗಾನರಸಿಂಹ, ಅಲ್ಲಿ ಗುರುನರಸಿಂಹ. ನಮ್ಮಲ್ಲಿ ರಾಮಾನುಜರ ಶ್ರೀಪಾದ ತೀರ್ಥ, ಅಲ್ಲಿ ಯಕ್ಷಗಾನದ ಸಾಲಿಗ್ರಾಮ ಮೇಳ. ನಾವು ಕಾವೇರಿ ಬಯಲಲ್ಲಿದ್ದೀವಿ, ಅವರು ಅರಬ್ಬೀ ಸಮುದ್ರದ ಪಕ್ಕ. ಮಧ್ಯದಲ್ಲಿ ಪಶ್ಚಿಮ ಘಟ್ಟ.

ಇನ್ನು ಹಿಮನದಿ? ಅದೂ ಈ ಹೆಸರಲ್ಲೇ ಇದೆ. ದೇವರ ಮನೆಯಲ್ಲಿಡೋ ಸಾಲಿಗ್ರಾಮ ಕಲ್ಲು ಸಿಗೋದು ನೇಪಾಳದ ಕಾಳಿ ಗಂಡಕಿಯಲ್ಲಿ. ಒಂದು ಕಡೆ ಧವಳಗಿರಿ, ಇನ್ನೊಂದು ಕಡೆ ಅನ್ನಪೂರ್ಣ, ನಡುವಿನ ಕಮರಿಯಲ್ಲಿ ಹರಿಯೋ ಹೊಳೆ ಅದು. ಆ ಕಲ್ಲಿನೊಳಗೆ ಕಾಣೋ ಚಕ್ರ ಅಮೊನೈಟ್ ಅನ್ನೋ ಕಡಲ ಜೀವಿಯ ಚಿಪ್ಪಿನ ಗುರುತು, ಜುರಾಸಿಕ್ ಕಾಲದ್ದು. ಹಿಮಾಲಯ ಏಳೋಕೆ ಮುಂಚೆ ಅಲ್ಲಿದ್ದ ಟೆಥಿಸ್ ಸಮುದ್ರದ ತಳ ಮೇಲೆದ್ದು ಬೆಟ್ಟವಾಯ್ತು, ಚಿಪ್ಪು ಕಲ್ಲಾಯ್ತು. ಕಡಲು, ಬೆಟ್ಟ, ಹಿಮ ಮೂರೂ ಒಂದೇ ಕಲ್ಲಲ್ಲಿ ಬೇಕಿದ್ರೆ ಅಜ್ಜಿಯ ಪೂಜೆ ಸಂಪುಟ ತೆಗೆದು ನೋಡಿ. ಪೆಟ್ರೋಲ್ ಖರ್ಚೂ ಇಲ್ಲ.

(3/6)
ಈಗ ದಾರಿ. ಸಾಲಿಗ್ರಾಮ ಬಿಟ್ಟು ಮೊದಲು ಚುಂಚನಕಟ್ಟೆ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕಿದ್ದಾಳೆ, ಗರ್ಭಗುಡಿಯಲ್ಲಿ ನಿಂತರೆ ಪಕ್ಕದ ಜಲಪಾತದ ಸದ್ದು ಕೇಳಲ್ಲ ಅಂತ ಹೇಳ್ತಾರೆ. ಸದ್ದು ಕೇಳಬೇಕಾದ್ರೆ ಮೊದಲು ಹೊಳೇಲಿ ನೀರಿರಬೇಕು ಅಂತ ನಮ್ಮೂರ ಕುಹಕಿಗಳ ಮಾತು, ಬಿಡಿ. ಅಲ್ಲಿಂದ ಹೊಳೆಯ ಮೇಲ್ದಿಕ್ಕಿಗೆ ರಾಮನಾಥಪುರ, ವಹ್ನಿಪುಷ್ಕರಿಣಿಯಲ್ಲಿ ಯಾರೂ ಹಿಡಿಯದ ಮೀನುಗಳು. ಶ್ರೀರಂಗದಿಂದ ಬಂದ ರಾಮಾನುಜರು ಇದೇ ವಹ್ನಿಪುಷ್ಕರಿಣಿ ಮುಟ್ಟಿ ನಮ್ಮ ಮಿರ್ಲೆ, ಸಾಲಿಗ್ರಾಮಕ್ಕೆ ಬಂದ್ರು ಅನ್ನೋದು ಸಂಪ್ರದಾಯ. ಅವರ ನೆಚ್ಚಿನ ಶಿಷ್ಯ ವಡುಗ ನಂಬಿ ಸಾಲಿಗ್ರಾಮದವರೇ.

ಆಮೇಲೆ ಕುಶಾಲನಗರ, ಮಡಿಕೇರಿ, ಭಾಗಮಂಡಲ, ತಲಕಾವೇರಿ. ಗಮನಿಸಿ: ಇಷ್ಟು ದೂರವೂ ನೀವು ಒಂದೇ ಹೊಳೆಯ ಬೆನ್ನು ಹತ್ತಿದ್ದೀರಿ. ಕೆ.ಆರ್. ನಗರ ಸೀಮೆಯನ್ನ ಭತ್ತದ ಕಣಜ ಅಂತಾರಲ್ಲ, ಚಾಮರಾಜ ನಾಲೆ, ಮಿರ್ಲೆ ನಾಲೆಗಳಲ್ಲಿ ಹರಿಯೋದು ಈ ಗುಡ್ಡಗಳ ನೀರೇ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತೆ. ನಮಗೆ ಬೀಳೋದು ಸುಮಾರು ಅದರ ಹತ್ತರಲ್ಲೊಂದು ಪಾಲು. ನಮ್ಮೂರ ಮೇಲೆ ಬೀಳೋ ಮಳೆ ಒಂದನ್ನೇ ನಂಬಿದ್ರೆ ನಾವು ರಾಗಿ, ಹುರುಳಿ ಬೆಳೀತಿದ್ವಿ, ಭತ್ತ ಅಲ್ಲ.

ಬ್ರಹ್ಮಗಿರಿ ಮೆಟ್ಟಿಲು ಹತ್ತಿ ನಿಂತು ಸುತ್ತ ನೋಡಿ. ಬೆಟ್ಟದ ಬೆನ್ನ ಮೇಲೆ ಹುಲ್ಲು, ಮಡಿಕೆಗಳಲ್ಲಿ ಗುಂಗುರು ಕೂದಲಿನ ಹಾಗೆ ದಟ್ಟ ಕಾಡು. ಅದಕ್ಕೆ ಶೋಲಾ ಅಂತಾರೆ. ಹಿಮನದಿ ಮಾಡೋ ಕೆಲಸ ಏನು? ಬಿದ್ದ ಹಿಮವನ್ನ ಹಿಡಿದಿಟ್ಟು, ಬಿಸಿಲು ಬಂದಾಗ ನಿಧಾನಕ್ಕೆ ನೀರಾಗಿ ಬಿಡೋದು. ಮೂರು-ನಾಲ್ಕು ತಿಂಗಳು ಸುರಿದ ಮಳೆಯನ್ನ ಹುಲ್ಲಿನ ಬೇರು, ಎಲೆಗೊಬ್ಬರ, ಮಣ್ಣು ಕುಡಿದು ಫೆಬ್ರವರಿ, ಮಾರ್ಚಲ್ಲೂ ಜಿನುಗಿಸೋದು ಈ ಶೋಲಾ. ಬಿಳೀ ಬಣ್ಣ ಇಲ್ಲ, ರೀಲಲ್ಲಿ ಅಷ್ಟು ಚೆನ್ನಾಗಿ ಬರಲ್ಲ. ಆದ್ರೆ ನಮ್ಮ ಹಿಮನದಿ ಇದೇ ಕಣ್ರೀ.

(4/6)
ಇಲ್ಲಿ ಸ್ವಲ್ಪ ಖಾರವಾಗಿ ಹೇಳ್ತೀನಿ.

2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿದ್ದು ನೆನಪಿದೆಯಾ? ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ. ಮಡಿಕೇರಿ-ಸಂಪಾಜೆ ರಸ್ತೆಯೇ ಕುಸಿದು ಹೋಗಿತ್ತು. 2020ರ ಆಗಸ್ಟಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿ ಪ್ರಧಾನ ಅರ್ಚಕರ ಮನೆ, ಮನೆಯವರ ಸಮೇತ ಮಣ್ಣಿನಡಿ ಹೋಯ್ತು. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆ ಬದಿ ಹೋಟೆಲು, ನಿಂತಿದ್ದ ಲಾರಿ ಎಲ್ಲ ಗಂಗಾವಳಿ ಪಾಲು. ಅದಾಗಿ ಎರಡು ವಾರಕ್ಕೆ, ಜುಲೈ 30ಕ್ಕೆ, ನಮ್ಮ ಎಚ್.ಡಿ. ಕೋಟೆಯ ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಎಲ್ಲದರ ತಿಂಗಳು ನೋಡಿ. ಜುಲೈ, ಆಗಸ್ಟ್. ನೀವು 'ಮಾನ್ಸೂನ್ ಡ್ರೈವ್' ಅಂತ ಹೊರಡೋ ತಿಂಗಳು.

ಮಳೆ ಜೋರಿತ್ತು, ನಿಜ. ಗುಡ್ಡದ ಬುಡವನ್ನ ಗೋಡೆ ಹಾಗೆ ನೆಟ್ಟಗೆ ಕಡಿದು ರಸ್ತೆ, ಮನೆ, ರೆಸಾರ್ಟ್ ಕಟ್ಟಿದ್ದೂ ಕಾರಣ ಅಂತ ಕೊಡಗಿನ ಕುಸಿತ ನೋಡಿದ ಭೂವಿಜ್ಞಾನಿಗಳು ಹೇಳಿದ್ರು. ಆ ಕಡಿತಕ್ಕೆ ಗಿರಾಕಿ ಯಾರು? ವೀಕೆಂಡಲ್ಲಿ ಮೈಸೂರು, ಬೆಂಗಳೂರಿಂದ ಹತ್ತೋ ನಾವೇ. 'ವ್ಯಾಲಿ ವ್ಯೂ ರೂಮ್ ಇದೆಯಾ' ಅಂತ ಕೇಳೋರು ಇರೋವರೆಗೂ ಜೆಸಿಬಿ ನಿಲ್ಲಲ್ಲ. ಕೊಡಗಿನೋರನ್ನೇ ಬೈದರೆ ನ್ಯಾಯವಲ್ಲ. ಕಾಫಿ, ಮೆಣಸಿನ ರೇಟು ಬಿದ್ದ ವರ್ಷ ಸಣ್ಣ ಬೆಳೆಗಾರನ ಮನೆ ನಡೆಸಿದ್ದು ಹೋಂಸ್ಟೇ ದುಡ್ಡು. ಹಾಗಾಗಿ ನಾನು ಕೊಡಗಿಗೆ ಹೋಗಲೇಬೇಡಿ ಅನ್ನೋರ ಪೈಕಿ ಅಲ್ಲ. ಹೋಗಿ. ಹಳೇ ತೋಟದ ಮನೆಯಲ್ಲಿ, ಮಟ್ಟಸ ಜಾಗದಲ್ಲಿ ಇರೋ ಮನೆಯಲ್ಲಿ ಉಳೀರಿ. ಹಿಂದೆ ಹಸಿ ಮಣ್ಣಿನ ಗೋಡೆ ನಿಂತಿದ್ರೆ ಬುಕಿಂಗ್ ಮಾಡಬೇಡಿ. ಬಾಡಿಗೆ ಎಲ್ಲಿಗೆ ಹೋಗುತ್ತೋ ಕಟ್ಟಡ ಅಲ್ಲೇ ಏಳುತ್ತೆ.

ನಮ್ಮೋರು ನೀರು ಬಂದಿಲ್ಲ ಅಂತ ರಸ್ತೆಗಿಳಿಯೋದು ನಾಲೆ ಒಣಗಿದಾಗ. ನಾಲೆಯ ಇನ್ನೊಂದು ತುದಿ ಈ ಗುಡ್ಡದಲ್ಲಿದೆ.

(5/6)
ಭಾಗಮಂಡಲದಿಂದ ಇಳಿಯೋಕೆ ಎಲ್ಲರೂ ಹಿಡಿಯೋ ಸಂಪಾಜೆ ದಾರಿ ಬಿಟ್ಟು ಕರಿಕೆ ಮೇಲೆ ಹೋಗಿ. ಪಾಣತ್ತೂರು ದಾಟಿ ಕಾಞಂಗಾಡು ಮುಟ್ಟುತ್ತೆ. ಇಕ್ಕಟ್ಟು ರಸ್ತೆ, ಎರಡೂ ಕಡೆ ಕಾಡು. ಮಡಿಕೇರಿಯಲ್ಲೇ ಪೆಟ್ರೋಲ್ ಹಾಕ್ಸಿ, ಕತ್ತಲಾಗೋಕೆ ಮುಂಚೆ ಇಳಿದುಬಿಡಿ. ಬೆಳಿಗ್ಗೆ ಸ್ವೆಟರ್ ಹಾಕ್ಕೊಂಡು ಹೊರಟೋರು ಮಧ್ಯಾಹ್ನ ಬೆವರು ಒರೆಸ್ಕೊಳ್ತಾ ಸಮುದ್ರ ನೋಡ್ತೀರಿ.

ಅಲ್ಲಿಂದ ಬಡಗು ದಿಕ್ಕಿಗೆ ಬೇಕಲ ಕೋಟೆ, ಕೆಳದಿ ಶಿವಪ್ಪನಾಯಕ ಕಟ್ಟಿಸಿದ್ದು. ಕಾಸರಗೋಡು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ 'ಗಿಳಿವಿಂಡು'. ಮಂಗಳೂರು, ಉಡುಪಿ. ಇವುಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಸಾವಿರ ಪೋಸ್ಟಿವೆ.

ಆ ಸಾಲಿಗ್ರಾಮದಲ್ಲಿ ಮಾತ್ರ ಒಂದು ದಿನ ಸುಮ್ಮನೆ ಇರಿ. ಶಿವರಾಮ ಕಾರಂತರು ಪುತ್ತೂರು ಬಿಟ್ಟು ಬಂದು ಕೊನೇ ದಶಕಗಳನ್ನ ಕಳೆದ ಊರು ಅದು. ಜನವರಿಯಲ್ಲಿ ಹೋದ್ರೆ ಮೇಳಗಳ ತಿರುಗಾಟದ ಕಾಲ, ಆಸುಪಾಸಲ್ಲಿ ಎಲ್ಲಾದ್ರೂ ಆಟ ಇದ್ದೇ ಇರುತ್ತೆ. ಮರುದಿನ ಮರವಂತೆ: ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋ ತೆಗೀರಿ, ಆದ್ರೆ ಹೆದ್ದಾರಿ ಮಧ್ಯ ನಿಂತು ಬೇಡ.

(6/6)
ವಾಪಸ್ ಬರೋದು ಕಾರ್ಕಳದಿಂದ ಕುದುರೆಮುಖ ಹತ್ತಿ. ಆ ಬೆಟ್ಟಗಳ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ, ಭದ್ರೆ ಸುತ್ತಿ ಬಳಸಿ ಬಂಗಾಳ ಕೊಲ್ಲಿಗೆ, ನೇತ್ರಾವತಿ ನೀವು ಈಗಷ್ಟೇ ನೋಡಿ ಬಂದ ಮಂಗಳೂರಿನ ಕಡಲಿಗೆ. ಒಂದೇ ಶೋಲಾ, ಎರಡು ಸಮುದ್ರ.

ಇದೇ ಗುಡ್ಡ ಅಗೆದು ಕಬ್ಬಿಣದ ಅದಿರು ಪುಡಿ ಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸ್ತಿದ್ರು. ಜನ ಹೋರಾಡಿದ್ರು, ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಗಣಿಯ ಹೂಳು ಲಕ್ಯಾ ಅಣೆಕಟ್ಟೆಯಲ್ಲಿ ಇನ್ನೂ ಕೂತಿದೆ. ಗುಡ್ಡ ಮಾತ್ರ ಮತ್ತೆ ಹುಲ್ಲು ಹೊದ್ದು ನಿಂತಿದೆ. ಐಸ್‌ಲ್ಯಾಂಡಲ್ಲಿ ಓಕ್ ಅನ್ನೋ ಹಿಮನದಿ ಕರಗಿ, 2014ರಲ್ಲಿ ಇನ್ನಿದು ಹಿಮನದಿ ಅಲ್ಲ ಅಂತ ಘೋಷಿಸಿದ್ರು. 2019ರಲ್ಲಿ ಅದರ ನೆನಪಿಗೆ ಒಂದು ಫಲಕ ಹಾಕಿದ್ರು. ಅಲ್ಲಿನೋರು ಹಿಮ ವಾಪಸ್ ತರೋಕೆ ಆಗಲ್ಲ. ನಾವಿನ್ನೂ ಆ ಹಂತಕ್ಕೆ ಬಂದಿಲ್ಲ, ಕುದುರೆಮುಖವೇ ಸಾಕ್ಷಿ.

ಕಳಸ, ಮೂಡಿಗೆರೆ, ಹಾಸನ, ಹೊಳೆನರಸೀಪುರ, ಭೇರ್ಯ. ಮನೆ ಬಂತು. ಸುತ್ತಾಡಿದ್ದೂ ಸೇರಿ 800-900 ಕಿ.ಮೀ. ಆಗಬಹುದು. ಏಳು ದಿನಕ್ಕೆ ಇದು ಧಾರಾಳ. ದಿನಕ್ಕೆ 400 ಕಿ.ಮೀ. ಓಡಿಸಿ ಬರೀ ಟೋಲ್ ಗೇಟು ನೋಡ್ಕೊಂಡು ಬರೋರ ಹಾಗಲ್ಲ.

ಯಾವಾಗ ಹೋಗ್ಬೇಕು ಅಂದ್ರಾ? ನಾಟಿ ಮುಗಿದು, ಮಳೆ ಇಳಿದು, ತುಲಾ ಸಂಕ್ರಮಣದ ತೀರ್ಥೋದ್ಭವದ ಜನಜಂಗುಳಿ ಕರಗಿದ ಮೇಲೆ, ಅಂದ್ರೆ ಅಕ್ಟೋಬರ್ ಕೊನೆ. ಇಲ್ಲಾ, ಒಕ್ಕಣೆ ಮುಗಿಸಿ ಚುಂಚನಕಟ್ಟೆ ದನದ ಜಾತ್ರೆ ನೋಡ್ಕೊಂಡು ಜನವರಿಯಲ್ಲಿ. ಗದ್ದೆ ಮಾಡೋರಿಗೆ ಪುರುಸೊತ್ತು ಸಿಗೋದೂ ಆವಾಗಲೇ, ಗುಡ್ಡ ಗಟ್ಟಿಯಾಗಿ ನಿಂತಿರೋದೂ ಆವಾಗಲೇ. ಮನೆಯಲ್ಲಿ ಅಪ್ಪ ಅಮ್ಮ ಇದ್ರೆ ಹಿಂದಿನ ಸೀಟಲ್ಲಿ ಕೂರಿಸ್ಕೊಳ್ಳಿ. ಜೀವಮಾನವೆಲ್ಲ ನಾಲೆ ತೂಬು ಎತ್ತಿದೋರಲ್ಲಿ ಎಷ್ಟೋ ಜನ ಆ ನೀರಿನ ಗುಡ್ಡ ನೋಡಿಲ್ಲ.

ನಿಮ್ಮೂರ ನಾಲೆ ಯಾವ ಗುಡ್ಡದ ನೀರು? ಗೊತ್ತಿದ್ರೆ ಕೆಳಗೆ ಬರೀರಿ. ಕರಿಕೆ ರಸ್ತೆ ಈಗ ಹೇಗಿದೆ ಅಂತ ಇತ್ತೀಚೆಗೆ ಹೋದೋರು ಯಾರಾದ್ರೂ ಹೇಳಿ.

#ಸಾಲಿಗ್ರಾಮ #ಕಾವೇರಿ #ಚುಂಚನಕಟ್ಟೆ #ಪಶ್ಚಿಮಘಟ್ಟ #ಒಂದುವಾರ