ಕಾಂಟ್, ಮೇ ನಾಟ್, ಮಸ್ಟ್ ನಾಟ್ ಮತ್ತು ನಮ್ಮ ‘ಆಗಲ್ಲ’

‘ಐ ಕಾಂಟ್ ಸ್ವಿಮ್’ ಅನ್ನೋ ಮೂರು ಪದದ ವಾಕ್ಯವನ್ನ ಒಮ್ಮೆ ಕನ್ನಡದಲ್ಲಿ ಹೇಳಿ ನೋಡಿ. ಈಜು ಕಲಿತೇ ಇಲ್ಲದವನು ಹೇಳಿದರೆ ಅದು ‘ನಂಗೆ ಈಜೋಕೆ ಬರಲ್ಲ’. ಭುಜ ಉಳುಕಿಸಿಕೊಂಡವನು ಹೇಳಿದರೆ ‘ನನ್ನ ಕೈಲಿ ಈಜೋಕಾಗಲ್ಲ’. ಕೆರೆ ದಂಡೆ ಮೇಲೆ ನಿಷೇಧದ ಬೋರ್ಡ್ ನೆಟ್ಟಿದ್ದರೆ ‘ನಾನಿಲ್ಲಿ ಈಜೋ ಹಾಗಿಲ್ಲ’. ಕಲಿತಿಲ್ಲ, ಶಕ್ತಿಯಿಲ್ಲ, ಅನುಮತಿಯಿಲ್ಲ. ನಾವು ಮೂರು ಬೇರೆ ಬೇರೆ ಮಾತು ಆಡುವ ಕಡೆ ಇಂಗ್ಲಿಷಿನವರು ಒಂದೇ ‘ಕಾಂಟ್’ನಲ್ಲಿ ಕೆಲಸ ಮುಗಿಸುತ್ತಾರೆ. ಹಾಗಂತ ಇಂಗ್ಲಿಷ್ ಬಡ ಭಾಷೆ ಅಂತ ಬೀಗೋದು ಬೇಡ. ಅದು ತನ್ನ ಜಾಣತನವನ್ನ ಬೇರೆ ಕಡೆ ಇಟ್ಟುಕೊಂಡಿದೆ. ನಮ್ಮಲ್ಲಿ ಅನೇಕರು ಎಡವುದೂ ಅಲ್ಲೇ.

ಈ ಎರಡು ವಾಕ್ಯ ನೋಡಿ. ‘ಹಿ ಕಾಂಟ್ ಬಿ ಅಟ್ ಹೋಮ್’. ‘ಹಿ ಮೇ ನಾಟ್ ಬಿ ಅಟ್ ಹೋಮ್’. ಶಾಲೆಯಲ್ಲಿ ನಮಗೆ ‘ಕ್ಯಾನ್’ ಅಂದ್ರೂ ಬಹುದು, ‘ಮೇ’ ಅಂದ್ರೂ ಬಹುದು ಅಂತ ಹೇಳಿಕೊಟ್ಟಿದ್ದರು. ಹಾಗಾದರೆ ಎರಡಕ್ಕೂ ‘ನಾಟ್’ ಸೇರಿಸಿದರೆ ಒಂದೇ ಅರ್ಥ ಬರಬೇಕಿತ್ತಲ್ಲ? ಬರಲ್ಲ. ಮೊದಲನೆಯದು ‘ಅವನು ಮನೇಲಿರೋಕೆ ಸಾಧ್ಯವೇ ಇಲ್ಲ’. ಎರಡನೆಯದು ‘ಅವನು ಮನೇಲಿ ಇರಲಿಕ್ಕಿಲ್ಲ’. ಮೊದಲನೆಯದನ್ನ ಕೇಳಿದವನು ಅರ್ಧ ದಾರಿಯಿಂದ ವಾಪಸ್ ಬರ್ತಾನೆ, ಎರಡನೆಯದನ್ನ ಕೇಳಿದವನು ಹೋಗಿ ಬಾಗಿಲು ತಟ್ಟಿ ನೋಡ್ತಾನೆ.

ಪ್ರೋಗ್ರಾಮ್ ಬರೆಯೋರಿಗೆ ಇದನ್ನ ಹೇಳೋದು ಸುಲಭ. ನಿಷೇಧದ ಚಿಹ್ನೆ ಬ್ರ್ಯಾಕೆಟ್ಟಿನ ಹೊರಗಿದೆಯೋ ಒಳಗಿದೆಯೋ ಅನ್ನೋದಷ್ಟೇ ಪ್ರಶ್ನೆ. ‘ಕಾಂಟ್ ಬಿ’ ಅಂದರೆ ಇಲ್ಲ(ಸಾಧ್ಯತೆ(ಇರುವುದು)). ‘ಮೇ ನಾಟ್ ಬಿ’ ಅಂದರೆ ಸಾಧ್ಯತೆ(ಇಲ್ಲ(ಇರುವುದು)). ‘ನೀಡ್ ನಾಟ್ ಗೋ’ದಲ್ಲಿ ನಿಷೇಧ ಹೊರಗೆ, ಹೋಗಬೇಕಾಗಿಲ್ಲ. ‘ಮಸ್ಟ್ ನಾಟ್ ಗೋ’ದಲ್ಲಿ ನಿಷೇಧ ಒಳಗೆ, ಹೋಗಕೂಡದು. ತಮಾಷೆ ಏನಪ್ಪಾ ಅಂದ್ರೆ, ಬರವಣಿಗೆಯಲ್ಲಿ ನಾಲ್ಕರಲ್ಲೂ ‘ನಾಟ್’ ಕೂರುವ ಜಾಗ ಒಂದೇ. ಬ್ರ್ಯಾಕೆಟ್ ಕಣ್ಣಿಗೆ ಕಾಣಲ್ಲ. ಯಾವ ಕ್ರಿಯಾಪದಕ್ಕೆ ಯಾವ ಬ್ರ್ಯಾಕೆಟ್ ಅನ್ನೋದನ್ನ ಬಾಯಿಪಾಠ ಮಾಡಿಯೇ ಗೊತ್ತಾಗಬೇಕು.

ಕನ್ನಡದಲ್ಲೂ ಇಂಥ ವಕ್ರತೆ ಇಲ್ಲದೇ ಇಲ್ಲ. ‘ಮಳೆ ಬರಬಹುದು’ ಅನ್ನೋದರ ನಿಷೇಧ ಏನು ಹೇಳಿ? ‘ಮಳೆ ಬರಬಾರದು’ ಅಂದರೆ ಅದು ಮದುವೆ ಮನೆಯವರ ಹರಕೆಯಾಯ್ತು :-) ಸರಿಯಾದದ್ದು ‘ಬರಲಿಕ್ಕಿಲ್ಲ’ ಅಥವಾ ‘ಬರದೇ ಇರಬಹುದು’. ಬಹುದು, ಬಾರದು ಎರಡೂ ‘ಬರು’ ಅನ್ನೋ ಒಂದೇ ಧಾತುವಿನಿಂದ ಬಂದ ಅಣ್ಣತಮ್ಮಂದಿರು. ಆದರೆ ತಮ್ಮ ಅನುಮತಿಯ ಮನೆಯಲ್ಲೇ ಉಳಿದುಬಿಟ್ಟ, ಅಣ್ಣ ಮಾತ್ರ ಸಾಧ್ಯತೆಯ ಕಡೆಗೂ ಓಡಾಡಿಕೊಂಡಿದ್ದಾನೆ. ಇಷ್ಟು ಸೂಕ್ಷ್ಮವನ್ನ ನಮ್ಮ ಮಕ್ಕಳು ಕೂಡ ಸಲೀಸಾಗಿ ಆಡುತ್ತಾರೆ. ಆದರೆ ಇಂಗ್ಲಿಷ್ ಪಾಠದಲ್ಲಿ ಈ ತಿಳಿವಳಿಕೆಯನ್ನ ಯಾರೂ ಬಳಸಿಕೊಳ್ಳೋದೇ ಇಲ್ಲ ಅನ್ನೋದು ನನ್ನ ತಕರಾರು.

ಈ ತಕರಾರು ಬರೀ ವ್ಯಾಕರಣದ ಚಪಲ ಅಂದುಕೊಳ್ಳಬೇಡಿ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಗದಗ ಕಡೆಯ ಹುಡುಗನೊಬ್ಬ ನಮ್ಮ ಟೀಮಿಗೆ ಸೇರಿದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಕೋಡ್ ಬರೆಯೋದರಲ್ಲಿ ನಮ್ಮೆಲ್ಲರಿಗಿಂತ ಚುರುಕು. ಅಮೆರಿಕದ ಕ್ಲೈಂಟ್ ಒಂದು ಸೂಚನೆ ಕಳಿಸಿದ್ದರು: ರಾತ್ರಿಯ ಜಾಬ್ ಓಡುವಾಗ ಸರ್ವರ್ ‘ಮೇ ನಾಟ್ ಬಿ ರೀಸ್ಟಾರ್ಟೆಡ್’. ಹುಡುಗ ಅದನ್ನ ‘ರೀಸ್ಟಾರ್ಟ್ ಆಗದೇ ಇರಬಹುದು’ ಅಂತ ಓದಿಕೊಂಡ. ಪಾಪ, ಆಗಿಲ್ಲದಿದ್ದರೆ ತೊಂದರೆ ಅಂತ ನಿದ್ದೆಗೆಟ್ಟು ತಾನೇ ರೀಸ್ಟಾರ್ಟ್ ಮಾಡಿದ. ಅವರು ಹೇಳಿದ್ದು ‘ಮಾಡಕೂಡದು’ ಅಂತ. ಜಾಬ್ ಅರ್ಧಕ್ಕೆ ನಿಂತಿತು. ಮರುದಿನ ಅವನು ವಿವರಣೆ ಬರೆದ. ಅದರಲ್ಲಿ ‘ದಿ ಬಗ್ ಮಸ್ಟ್ ನಾಟ್ ಬಿ ಇನ್ ಅವರ್ ಕೋಡ್’ ಅಂತ ಒಂದು ಸಾಲು. ಮ್ಯಾನೇಜರ್ ಅದನ್ನ ಮೀಟಿಂಗಿನಲ್ಲಿ ಜೋರಾಗಿ ಓದಿ, ‘ಬಗ್‌ಗೆ ಆರ್ಡರ್ ಮಾಡ್ತಿದ್ದೀಯೇನಪ್ಪಾ?’ ಅಂದರು. ಎಲ್ಲರೂ ನಕ್ಕರು. ವರ್ಷದ ಕೊನೆಯ ಅಪ್ರೈಸಲ್ಲಿನಲ್ಲಿ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಅಂತ ಷರಾ ಬಿತ್ತು. ಸಂಬಳದ ಏರಿಕೆಯೂ ಅದಕ್ಕೆ ತಕ್ಕ ಹಾಗೇ ಬಂತು.

ಅವನು ಯಾಕೆ ಹಾಗೆ ಬರೆದ ಅಂತ ಯಾರೂ ಕೇಳಲಿಲ್ಲ. ಕನ್ನಡದಲ್ಲಿ ‘ಮನೇಲಿ ಇರಬೇಕು’ ಅಂದರೆ ಕಡ್ಡಾಯವೂ ಹೌದು, ಊಹೆಯೂ ಹೌದು. ಇಂಗ್ಲಿಷಿನ ‘ಮಸ್ಟ್ ಬಿ’ಯೂ ಥೇಟ್ ಹಾಗೇ. ಜೋಡಿ ಇಷ್ಟು ಚೆನ್ನಾಗಿ ಕೂಡಿದ ಮೇಲೆ, ಊಹೆಯ ನಿಷೇಧವೂ ‘ಮಸ್ಟ್ ನಾಟ್ ಬಿ’ ಅಂತಲೇ ಇರಬೇಕು ಅಂದುಕೊಂಡಿದ್ದರಲ್ಲಿ ತರ್ಕ ಇದೆ. ಆದರೆ ನಮ್ಮ ಪಠ್ಯಗಳ ಇಂಗ್ಲಿಷಿನಲ್ಲಿ ‘ಮಸ್ಟ್ ಬಿ’ಗೆ ಎದುರಾಳಿ ‘ಕಾಂಟ್ ಬಿ’. ಹೀಗೆ ಒಬ್ಬನ ಜಾಗದಲ್ಲಿ ಇನ್ನೊಬ್ಬ ಬಂದು ಕೂರುತ್ತಾನೆ ಅನ್ನೋದನ್ನ ಮೇಷ್ಟ್ರು ಹೇಳದಿದ್ದರೆ ತಾನಾಗಿ ಹೊಳೆಯಲ್ಲ. ಇನ್ನೂ ಒಂದು ವಿಷಯ ಇದೆ. ಅಮೆರಿಕನ್ನರು ‘ಹಿ ಮಸ್ಟ್ ನಾಟ್ ಬಿ ಹೋಮ್’ ಅಂತ ಊಹೆಯ ಅರ್ಥದಲ್ಲಿ ಧಾರಾಳವಾಗಿ ಹೇಳುತ್ತಾರೆ, ‘ಇಲ್ಲ ಅಂತ ಕಾಣುತ್ತೆ’ ಅನ್ನೋ ಹಾಗೆ. ಅಂದರೆ ಆ ಸಾಲು ಕ್ಲೈಂಟಿಗೆ ಅರ್ಥವಾಗುತ್ತಿತ್ತು. ನಕ್ಕಿದ್ದು ರೆನ್ ಅಂಡ್ ಮಾರ್ಟಿನ್ ಓದಿಕೊಂಡ ನಮ್ಮವರು!

ಮೊದಲನೆಯ ಸೂಚನೆಯ ವಿಷಯದಲ್ಲಂತೂ ನಾನು ಹುಡುಗನ ಪರ. ‘ಮೇ ನಾಟ್’ಗೆ ಇಂಗ್ಲಿಷಿನಲ್ಲೇ ಎರಡು ಅರ್ಥ ಇದೆ. ಒಂದು ‘ಆಗಲಿಕ್ಕಿಲ್ಲ’, ಇನ್ನೊಂದು ‘ಅನುಮತಿ ಇಲ್ಲ’. ಈ ಅಪಾಯ ಮಾನದಂಡಗಳನ್ನ ಬರೆಯುವವರಿಗೆ ಚೆನ್ನಾಗಿ ಗೊತ್ತು. ಇಂಟರ್ನೆಟ್ಟಿನ ಮಾನದಂಡಗಳಲ್ಲಿ ಬಳಸುವ ಇಂಥ ಪದಗಳಿಗೆ ಅರ್ಥ ಗೊತ್ತು ಮಾಡಿದ್ದು 1997ರಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ ಆರ್‌ಎಫ್‌ಸಿ 2119. ಅದರ ಪಟ್ಟಿಯಲ್ಲಿ ‘ಮಸ್ಟ್’ ಇದೆ, ‘ಮಸ್ಟ್ ನಾಟ್’ ಇದೆ, ‘ಶುಡ್ ನಾಟ್’ ಇದೆ, ‘ಮೇ’ ಇದೆ. ‘ಮೇ ನಾಟ್’ ಇಲ್ಲ. ಐಎಸ್‌ಒ ದಾಖಲೆಗಳನ್ನ ಹೇಗೆ ಬರೆಯಬೇಕು ಅನ್ನೋ ನಿಯಮಾವಳಿಯಂತೂ, ನಿಷೇಧ ಹೇಳಲು ‘ಶಲ್ ನಾಟ್’ ಬದಲು ‘ಮೇ ನಾಟ್’ ಬಳಸಬೇಡಿ ಅಂತ ಬಾಯಿಬಿಟ್ಟೇ ಹೇಳುತ್ತೆ. ‘ಕ್ಯಾನಾಟ್’ ಅನ್ನ ಅಸಾಧ್ಯತೆಗೆ ಮೀಸಲಿಡುತ್ತೆ. ಮಾನದಂಡ ಬರೆಯುವ ಘಟಾನುಘಟಿಗಳೇ ದೂರವಿಟ್ಟ ಪದವನ್ನ ತಪ್ಪಾಗಿ ಓದಿದ್ದಕ್ಕೆ ಒಬ್ಬ ಹುಡುಗನ ಏರಿಕೆ ಕತ್ತರಿಸೋದು ಯಾವ ನ್ಯಾಯ?

ನಾನು ಹೇಳೋದು ಇಷ್ಟೇ. ‘ಕ್ಯಾನ್ ಅಂದರೆ ಸಾಮರ್ಥ್ಯ, ಮೇ ಅಂದರೆ ಅನುಮತಿ’ ಅನ್ನೋ ಪಟ್ಟಿ ಅರ್ಧ ಪಾಠ. ಉಳಿದರ್ಧ ‘ನಾಟ್’ ಬಂದಾಗ ಏನಾಗುತ್ತೆ ಅನ್ನೋದು, ಅದನ್ನ ಕನ್ನಡದಲ್ಲೇ ಹೇಳಿಕೊಡಬೇಕು. ಮಾಡಲಾರ, ಮಾಡಬಾರದು, ಮಾಡಬೇಕಾಗಿಲ್ಲ, ಮಾಡಲಿಕ್ಕಿಲ್ಲ, ಮಾಡಿರಲಿಕ್ಕೆ ಸಾಧ್ಯವಿಲ್ಲ ಅನ್ನೋದೆಲ್ಲ ಮಗುವಿನ ಬಾಯಲ್ಲಿ ಆಗಲೇ ಸಿದ್ಧ ಇದೆ. ‘ಕುಡ್ ನಾಟ್ ಡು’ ಅಂದರೆ ಮಾಡೋಕಾಗಲಿಲ್ಲ, ‘ಕುಡ್ ನಾಟ್ ಹ್ಯಾವ್ ಡನ್’ ಅಂದರೆ ಸಾಮಾನ್ಯವಾಗಿ ಮಾಡಿರೋಕೆ ಸಾಧ್ಯವಿಲ್ಲ. ಒಂದು ಸೋಲಿನ ವರದಿ, ಇನ್ನೊಂದು ಪತ್ತೇದಾರನ ತೀರ್ಮಾನ. ಕನ್ನಡದಲ್ಲಿ ಪಕ್ಕಪಕ್ಕ ಇಟ್ಟರೆ ಒಂದು ನಿಮಿಷದ ಪಾಠ. ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಯಲ್ಲಿ ಈ ಒಂದು ನಿಮಿಷ ಎಲ್ಲಿಂದ ಸಿಗಬೇಕು? ಡಿ. ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂದರು. ಇಂಗ್ಲಿಷ್ ಕಲಿಯೋಕೂ ಅದು ಬೇಕು ಅಂತ ನಾನು ಸೇರಿಸ್ತೀನಿ.

ಉಚ್ಚಾರಣೆಯ ಪಾಡು ಬೇರೆ. ಅಮೆರಿಕನ್ನರ ‘ಕಾಂಟ್’ನಲ್ಲಿ ಕೊನೆಯ ‘ಟ್’ ಎಷ್ಟೋ ಸಲ ಕಿವಿಗೆ ಬೀಳೋದೇ ಇಲ್ಲ. ಅವರು ‘ಕ್ಯಾನ್’ ಅನ್ನ ಒತ್ತಿಲ್ಲದೆ ‘ಕನ್’ ಅಂತ ನುಂಗಿಬಿಡುತ್ತಾರೆ. ‘ಕ್ಯಾ’ ಅಂತ ತುಂಬಿ ಕೇಳಿಸಿದರೆ ಅದು ಇಲ್ಲ ಅನ್ನೋದು. ನಾವೋ, ‘ಐ ಕ್ಯಾನ್ ಫಿನಿಶ್ ಟುಡೇ’ ಅಂತ ‘ಕ್ಯಾ’ ಮೇಲೆ ಒತ್ತು ಹಾಕಿ ಭರವಸೆ ಕೊಡ್ತೀವಿ. ಆ ಕಡೆಯವರು ‘ಓಹ್, ವೈ ನಾಟ್?’ ಅಂತಾರೆ. ಇಂಥ ಫೋನ್ ಕಾಲಿನಲ್ಲಿ ನಮ್ಮ ಹಳೇ ಮೇಷ್ಟ್ರ ದೀರ್ಘದ ‘ಕಾಂಟ್’ ಎಷ್ಟೋ ವಾಸಿ, ಯಾರಿಗೂ ಅನುಮಾನ ಬರಲ್ಲ. ಪೂರ್ತಿ ‘ಕ್ಯಾನಾಟ್’ ಅಂದರೆ ಇನ್ನೂ ಕ್ಷೇಮ.

ಕೊನೆಗೊಂದು ಕುತೂಹಲ. ನಾನು ಮೇಲೆ ‘ಇರಲಿಕ್ಕಿಲ್ಲ’ ಅನ್ನೋದನ್ನ ಊಹೆ ಅಂತ ಬರೆದೆ. ಧಾರವಾಡದ ಗೆಳೆಯರೂ ಹಾಗೇ ಬಳಸುತ್ತಾರೆ. ಆದರೆ ನನ್ನ ಪುತ್ತೂರಿನ ರೂಮ್‌ಮೇಟ್ ‘ಹಾಗೆಲ್ಲ ಮಾಡ್ಲಿಕ್ಕಿಲ್ಲ ಮಾರಾಯ’ ಅಂದಾಗ ಅದು ಊಹೆ ಅಲ್ಲ, ‘ಮಾಡಕೂಡದು’ ಅಂತ. ಅಂದರೆ ‘ಮೇ ನಾಟ್’ನ ಎರಡೂ ಅರ್ಥ ನಮ್ಮ ‘ಲಿಕ್ಕಿಲ್ಲ’ದಲ್ಲೂ ಇದೆ, ಒಂದು ಘಟ್ಟದ ಮೇಲೆ, ಇನ್ನೊಂದು ಕೆಳಗೆ! ಕುಂದಾಪುರ, ಶಿರಸಿ ಕಡೆ ಇದನ್ನ ಯಾವ ಅರ್ಥದಲ್ಲಿ ಬಳಸ್ತೀರಿ? ಗೊತ್ತಿದ್ದವರು ದಯವಿಟ್ಟು ಕೆಳಗೆ ಬರೀರಿ.